ಗೆಲ್ಲುವ ಮೊದಲೇ ಕೊರೆದ ಕೊಡಗಳು

ನಮ್ಮ ಕಾಕಾನಷ್ಟು ಪಂದ್ಯ ಗೆದ್ದವರು ಇಡೀ ಗೋವಾದಲ್ಲಿ ಇನ್ನೊಬ್ಬರಿಲ್ಲ. ಸುಳ್ಳೆನಿಸಿದರೆ ನಮ್ಮ ಅಡುಗೆಮನೆಗೆ ಬಂದು ನೋಡಿ. ಕುಡಿಯುವ ನೀರಿನ ಕೊಡದ ಮೇಲೆ ‘ಅಂತರ ಕಾಲೇಜು ಬಾಸ್ಕೆಟ್‌ಬಾಲ್ ಚಾಂಪಿಯನ್ನರು, ಮಹಿಳೆಯರು, ೨೦೦೪’ ಎಂದು ಚುಕ್ಕೆ ಚುಕ್ಕೆ ಅಕ್ಷರಗಳಲ್ಲಿ ಕೊರೆದಿದೆ. ಬಳಸುವ ನೀರಿನ ಕೊಡದ ಮೇಲೆ ೨೦೦೬. ನನ್ನ ತಂಗಿಯ ಮನೆಯಲ್ಲಿ ೨೦೦೫, ಬೆಳಗಾವಿಯ ಸೋದರತ್ತೆಯ ಮನೆಯಲ್ಲಿ ೨೦೦೭. ಇಷ್ಟೆಲ್ಲ ಗೆದ್ದ ತಂಡದ ಸುದ್ದಿಯನ್ನು ನೀವು ಪತ್ರಿಕೆಯಲ್ಲಿ ಓದಿಲ್ಲವೆಂದರೆ ತಪ್ಪು ನಿಮ್ಮದಲ್ಲ, ಪತ್ರಿಕೆಯದೂ ಅಲ್ಲ. ಆ ತಂಡ ಅಷ್ಟೂ ವರ್ಷ ಸೋತಿತ್ತು. ಗೆದ್ದವನು ಕಾಕಾ ಒಬ್ಬನೇ, ಅದೂ ಪಂದ್ಯದ ಹಿಂದಿನ ದಿನ!

ಕಾಕಾ ಎಂದರೆ ನಮ್ಮ ಅಪ್ಪನ ತಮ್ಮ. ಮೀಸೆ ಮೂಡುವ ವಯಸ್ಸಿನಲ್ಲೇ ಬೆಳಗಾವಿ ಬಿಟ್ಟು ಗೋವಾಕ್ಕೆ ಬಂದು, ಮ್ಹಾಪಸಾದ ಪೇಟೆಯಲ್ಲಿ ಸ್ಟೀಲ್ ಪಾತ್ರೆಗಳ ಅಂಗಡಿ ಇಟ್ಟವನು. ಅವನಿಗೊಂದು ಹೆಸರಿದೆ, ಆದರೆ ಆ ಹೆಸರಿನಿಂದ ಅವನನ್ನು ಕರೆಯುವವರು ಯಾರೂ ಇಲ್ಲ. ಪೇಟೆಗೆಲ್ಲ ಅವನು ‘ಭಾಂಡೇವಾಲೇ ಕಾಕಾ’, ಪಾತ್ರೆಯ ಕಾಕಾ. ಅವನಿಗಿಂತ ಇಪ್ಪತ್ತು ವರ್ಷ ಹಿರಿಯರಾದ ಅಜ್ಜಿಯಂದಿರೂ ಬಂದು, “ಕಾಕಾ, ಒಂದು ಚಹದ ಗಾಳಣಿ ಕೊಡು” ಎನ್ನುತ್ತಾರೆ. ಅಂಗಡಿಯ ಫಲಕದ ಮೇಲೂ ಇರುವುದು ದೇವರ ಹೆಸರು, ಅವನದಲ್ಲ.

ಹೆಂಡತಿ ಹೇಳಬಹುದಲ್ಲ ಅಂತೀರಾ? ನಮ್ಮ ಕಾಕು ಗಂಡನ ಹೆಸರನ್ನು ಬಾಯಲ್ಲಿ ಆಡುವವಳೇ ಅಲ್ಲ. ನಮ್ಮ ಕಡೆ ಮದುವೆ ಮನೆಗಳಲ್ಲಿ ಹೆಂಗಸರು ಬಾಗಿಲಿಗೆ ಅಡ್ಡ ನಿಂತು, ಒಡಪು ಕಟ್ಟಿ ಗಂಡನ ಹೆಸರು ಹೇಳಿದರೇ ಒಳಗೆ ಬಿಡುತ್ತೇವೆ ಎಂದು ಕಾಡುವುದುಂಟು. ಅಂಥ ಹೊತ್ತಿನಲ್ಲಿ ಕಾಕು, “ಅಯ್ಯ, ಒಲಿ ಮ್ಯಾಲ ಹಾಲ ಇಟ್ಟೇನಿ!” ಎಂದು ಹಿತ್ತಲ ಬಾಗಿಲಿಂದ ನುಸುಳುತ್ತಾಳೆ. ಯಾರ ಮನೆ, ಯಾರ ಒಲೆ, ಯಾರ ಹಾಲು, ಅದೆಲ್ಲ ಅವಳಿಗೆ ಬೇಡ.

ಕಾಕಾನ ಅಂಗಡಿಯ ಹೆಚ್ಚುಗಾರಿಕೆ ಎಂದರೆ ಹೆಸರು ಕೊರೆಯುವುದು. ಪಾತ್ರೆ ಕೊಂಡರೆ ಅದರ ಮೇಲೆ ಯಾರಿಂದ ಯಾರಿಗೆ ಎಂದು ಪುಕ್ಕಟೆಯಾಗಿ ಕೊರೆದುಕೊಡುತ್ತಾನೆ. ಕೈಯಲ್ಲಿ ಹಿಡಿಯುವ ಪುಟ್ಟ ಕರೆಂಟಿನ ಯಂತ್ರ, ತುದಿಯಲ್ಲಿ ಸೂಜಿ. ಗುಂಡಿ ಒತ್ತಿದರೆ ಕರ್‍ರ್ ಎಂದು ಹಲ್ಲು ಜುಮ್ಮೆನ್ನುವ ಸದ್ದು. ಆದರೆ ಅಕ್ಷರಗಳು ಮಾತ್ರ ನೋಡುವಂತಿರುತ್ತವೆ. ಮರಾಠಿ ಬೇಕೆಂದವರಿಗೆ ಮರಾಠಿ, ಏನೂ ಹೇಳದವರಿಗೆ ಕನ್ನಡ! “ಕನ್ನಡ ಅಕ್ಷರ ದುಂಡಗ ಇರ್ತಾವ, ಪಾತ್ರಿನೂ ದುಂಡಗ ಇರ್ತೈತಿ, ಹೊಂದತಾವ” ಎಂಬುದು ಅವನ ವಾದ. ಮ್ಹಾಪಸಾದ ಎಷ್ಟೋ ಕ್ರಿಶ್ಚಿಯನ್ ಮನೆಗಳಲ್ಲಿ ಇಂದಿಗೂ ಕನ್ನಡ ಕೊರೆದ ಡಬ್ಬಿಗಳಲ್ಲಿ ಅಕ್ಕಿ ಇದೆ. ಮೇಲೆ ಏನೆಂದು ಬರೆದಿದೆಯೋ ಅವರಿಗೆ ಗೊತ್ತಿಲ್ಲ, ಅವರೂ ಕೇಳಲಿಲ್ಲ.

ಮದುವೆಯ ಪಾತ್ರೆಗಳಿಗೆ ವಾರ ಮೊದಲೇ ಹೆಸರು ಬೀಳಬೇಕು. ಇದೇ ಕಾಕಾನ ತತ್ವಜ್ಞಾನದ ಬುಡ. “ನೋಡವಾ, ಅಕ್ಷತಾ ಬೀಳೂಕಿಂತ ಮೊದ್ಲ ನಾವು ಗಂಡ ಹೆಂಡ್ತಿ ಅಂತ ಕೊರದ ಬಿಡ್ತೇವಿ. ನಾ ಕೊರದಿದ್ದು ಒಂದರ ಮದುವಿ ನಿಂತೈತೇನು?” ಎಂದು ಎದೆ ಉಬ್ಬಿಸುತ್ತಿದ್ದ. ಹಾಗಾದರೆ ಕಾಕುವಿನ ಅಡುಗೆಮನೆಯಲ್ಲಿದ್ದ ಆ ನಾಲ್ಕು ತಾಟುಗಳು ಎಲ್ಲಿಂದ ಬಂದವು? ಚಿಕ್ಕವಳಿದ್ದಾಗ ರಜೆಗೆ ಹೋದರೆ ನಾನು ಯಾರೋ ಮುರಿದುಕೊಂಡ ಮದುವೆಯ ತಾಟಿನಲ್ಲಿ ಉಣ್ಣುತ್ತಿದ್ದೆ! ಪಾತ್ರೆ ಅಂಗಡಿಯವನ ಮನೆಯಲ್ಲಿ ಒಳ್ಳೆಯ ಪಾತ್ರೆಯೇ ಇರಲಿಲ್ಲ. ಕೊರೆದು ಕೆಟ್ಟದ್ದು, ಯಾರೂ ಒಯ್ಯದೆ ಉಳಿದದ್ದು, ಸೊಟ್ಟಗಾದದ್ದು, ಎಲ್ಲವೂ ಊರವರ ಹೆಸರು ಹೊತ್ತುಕೊಂಡು ಅಲ್ಲಿಗೆ ಬಂದು ಬೀಳುತ್ತಿದ್ದವು. ಅವನ ಹೆಸರಿನದು ಒಂದೂ ಇರಲಿಲ್ಲ. ಪಾತ್ರೆ ಅಂಗಡಿಯವನಿಗೆ ಪಾತ್ರೆಯ ಉಡುಗೊರೆ ಕೊಡುವ ಪೆದ್ದ ಯಾರು ಹೇಳಿ?

ಇಂಥ ಮನುಷ್ಯನಿಗೂ ಬಾಸ್ಕೆಟ್‌ಬಾಲಿಗೂ ಏನು ಸಂಬಂಧ? ಅವನು ಆಯುಷ್ಯದಲ್ಲಿ ಚೆಂಡು ಮುಟ್ಟಿದವನಲ್ಲ. ಒಮ್ಮೆ ಊರ ಹೊರಗಿನ ಗುಡ್ಡದ ಮೇಲಿನ ಕಾಲೇಜಿನ ಕ್ಯಾಂಟೀನಿಗೆ ಒಂದು ದೊಡ್ಡ ಪಾತೇಲಿ ಕೊಟ್ಟು ಬರಲು ಹೋಗಿದ್ದ. ಅಲ್ಲಿ ಹುಡುಗಿಯರ ಪಂದ್ಯ ನಡೆದಿತ್ತು. ನಮ್ಮೂರ ಕಾಲೇಜಿನವರು ಸೋಲುತ್ತಿದ್ದರು. ಸೋಲು ಎಂದರೆ ಅಂತಿಂಥ ಸೋಲಲ್ಲ, ಎದುರಾಳಿಗಳು ಹಾಕಿ ಹಾಕಿ ಬೇಸತ್ತು ತಮ್ಮತಮ್ಮಲ್ಲೇ ನಗುತ್ತಿದ್ದರಂತೆ. ಕಾಕಾ ಪಾತೇಲಿಯನ್ನು ಬೋರಲು ಹಾಕಿ, ಅದರ ಮೇಲೆ ಕೂತು, ಕೊನೆಯವರೆಗೂ ನೋಡಿದ. ಕ್ಯಾಂಟೀನಿನವರು ಪಾತೇಲಿಗಾಗಿ ಕಾಯುತ್ತಲೇ ಇದ್ದರು.

ಮನೆಗೆ ಬಂದವನ ಮುಖದಲ್ಲಿ ಬೇರೆಯೇ ಕಳೆ. “ಸೋಲಾಕತ್ತಿದ್ರು ಖರೇ. ಆದ್ರ ಒಬ್ಬಾಕಿನೂ ಓಡೋದು ಬಿಡ್ಲಿಲ್ಲ ನೋಡು. ಸೀಟಿ ಊದೂತನಾ ಓಡಿದ್ರು. ಇಂಥಾವರು ಗೆಲ್ಲದ ಮತ್ಯಾರು ಗೆಲ್ಲಬೇಕು? ಬರೂ ವರ್ಷ ಕಪ್ ನಮ್ಮದ!”

‘ನಮ್ಮದು’ ಎಂಬ ಶಬ್ದ ಅಂದು ಅವನ ಬಾಯಿಗೆ ಬಂತು. ಮತ್ತೆ ಹೋಗಲಿಲ್ಲ.

ಅಂದಿನಿಂದ ಪ್ರತಿ ಪಂದ್ಯಕ್ಕೂ ಕಾಕಾ ಹಾಜರ್. ಕೂರಲು ಅದೇ ಅಳತೆಯ ಒಂದು ಪಾತೇಲಿ, ಬಾರಿಸಲು ಎರಡು ಸೌಟು. ಆಟದ ನಿಯಮ ಮಾತ್ರ ಒಂದೂ ಗೊತ್ತಿಲ್ಲ. ಹುಡುಗಿಯರು ಚೆಂಡನ್ನು ನೆಲಕ್ಕೆ ಬಡಿಯುತ್ತ ಓಡಿದರೆ ಇವನಿಗೆ ಸಂಕಟ. ಅರ್ಧ ಕೊಂಕಣಿ ಅರ್ಧ ಕನ್ನಡದಲ್ಲಿ, “ಅದನ್ಯಾಕ ಕುಟಗೋತ ಕುಂತೀರಿ! ಬಗಲಾಗ ಇಟಗೊಂಡು ಓಡ್ರಿ!” ಎಂದು ಕಿರುಚುತ್ತಿದ್ದ. ಒಮ್ಮೆ ಒಬ್ಬ ಹುಡುಗಿ ಹಿರಿಯರ ಮಾತು ಮೀರಬಾರದೆಂದು ನಿಜಕ್ಕೂ ಚೆಂಡನ್ನು ಬಗಲಲ್ಲಿಟ್ಟುಕೊಂಡು ಓಡಿಬಿಟ್ಟಳು. ರೆಫ್ರಿ ಸೀಟಿ ಊದುವುದನ್ನೇ ಮರೆತು ನೋಡುತ್ತ ನಿಂತ!

ಅವನಿಗೆ ಎಲ್ಲಕ್ಕಿಂತ ದೊಡ್ಡ ತಕರಾರಿದ್ದುದು ಆ ಬುಟ್ಟಿಯ ಬಗ್ಗೆ. ತಂಡಕ್ಕೆ ಆಟ ಕಲಿಸುತ್ತಿದ್ದ ಸರ್ ಗೋವಾದವರು, ಬಲು ಸೌಮ್ಯ ಮನುಷ್ಯ. ಅವರನ್ನು ಪಕ್ಕಕ್ಕೆ ಕರೆದು ಕಾಕಾ ಹೇಳಿದನಂತೆ: “ಸರ್, ಸಿಟ್ಟಾಗಬ್ಯಾಡ್ರಿ. ಆ ಬುಟ್ಟಿಗೆ ತಳಾನ ಇಲ್ಲ. ಹಾಕಿದ್ದೆಲ್ಲಾ ಸೋರಿ ಹೊಂಟೈತಿ. ಇಂಥಾ ಮಾಲು ನಾ ಮಾರಿದ್ರ ಗಿರಾಕಿ ನನ್ನ ಬಿಡ್ತಾನೇನ್ರಿ? ಹೇಳ್ರಿ, ನಾ ಒಂದು ತಳಾ ಬೆಸಸಿ ಕೊಡ್ತೇನಿ.” ಸರ್‌ಗೆ ಕನ್ನಡ ಅರ್ಥವಾಗಲಿಲ್ಲವೋ, ಅರ್ಥವಾಗಿಯೂ ಏನು ಹೇಳಬೇಕೆಂದು ತಿಳಿಯಲಿಲ್ಲವೋ, “ಅಂಕಲ್, ಮಾತ್ಶೆ ಒಗೀ ರಾವಾತ್” ಎಂದರು. ಸ್ವಲ್ಪ ಸುಮ್ಮನಿರಿ ಎಂದರ್ಥ. ಕಾಕಾ ಸುಮ್ಮನಿದ್ದ, ಸುಮಾರು ಅರ್ಧ ನಿಮಿಷ.

ಕೊಡ ಕೊರೆಯುವ ಹುಚ್ಚು ಹತ್ತಿದ್ದೂ ಆ ಹೊತ್ತಿನಲ್ಲೇ. ಗೆದ್ದ ದಿನ ಹುಡುಗಿಯರಿಗೆ ಒಂದು ಚಲೋ ಕೊಡ ಕೊಡಬೇಕು, ಅದರ ಮೇಲೆ ಹೆಸರಿರಬೇಕು, ಗೆದ್ದ ಮೇಲೆ ಕೊರೆಯಲು ಕೂತರೆ ಸಂಭ್ರಮ ತಣ್ಣಗಾಗುತ್ತದೆ. ಆದ್ದರಿಂದ ಮದುವೆಯ ಪಾತ್ರೆಯಂತೆ ಮೊದಲೇ ಕೊರೆದಿಡಬೇಕು. ಎಷ್ಟು ಸರಳ ನೋಡಿ! ಪ್ರತಿ ವರ್ಷ ಕೊರೆದ, ಪ್ರತಿ ವರ್ಷ ತಂಡ ಮೊದಲನೆಯ ಸುತ್ತಿನಲ್ಲೇ ಮನೆಗೆ ಬಂತು. ಕೊರೆದ ಕೊಡವನ್ನು ಯಾರು ಕೊಳ್ಳುತ್ತಾರೆ? ಹೊಸದಾಗಿ ಸೋತ ಒಂದೆರಡನ್ನು ಅಂಗಡಿಯ ಅಟ್ಟಣಿಗೆಯ ಮೇಲಿಟ್ಟುಕೊಂಡು, ಉಳಿದದ್ದನ್ನು ಮನೆತನದಲ್ಲಿ ಯಾರ ಮದುವೆ, ಯಾರ ಸೀಮಂತ ಬಂದರೂ ಸಾಗಹಾಕುತ್ತಿದ್ದ.

ಹಾಗೆ ನನ್ನ ಮದುವೆಗೆ ಬಂದದ್ದು ೨೦೦೪. ನನ್ನನ್ನು ಕೊಟ್ಟದ್ದು ಕುಡಚಡೆಗೆ. ಅದಿರಿನ ಲಾರಿಗಳ ಊರು, ಅಂಗಳದ ತುಂಬ ಕೆಂಪು ಧೂಳು. ಹೊಸ ಸೊಸೆಯ ಸಾಮಾನು ನೋಡಲು ಬಂದ ಕೇರಿಯ ಹೆಂಗಸರ ಎದುರು ನಮ್ಮ ಅತ್ತೆ ಕೊಡವನ್ನು ಬೆಳಕಿಗೆ ಹಿಡಿದು ಓದಿದರು. “ಚಾಂಪಿಯನ್ನರು, ಮಹಿಳೆಯರು... ಏನವಾ, ನೀ ಇಷ್ಟ ದೊಡ್ಡಾಕಿ ಅಂತ ನಮಗ ಯಾರೂ ಹೇಳಲೇ ಇಲ್ಲಲ್ಲ!” ನಾನು ಬಾಯಿ ತೆರೆಯುವಷ್ಟರಲ್ಲಿ ಸುದ್ದಿ ಮೂರು ಕೇರಿ ದಾಟಿತ್ತು. ಆ ವರ್ಷದ ಗಣಪತಿ ಹಬ್ಬದಲ್ಲಿ ನಮ್ಮ ಓಣಿಯ ಮಾನವನ್ನು ನನ್ನ ಕೈಗೆ, ಅಲ್ಲ, ನನ್ನ ಬಾಯಲ್ಲಿದ್ದ ಚಮಚಕ್ಕೆ ಒಪ್ಪಿಸಿದರು. ಲಿಂಬೆಹಣ್ಣಿನ ಓಟ. ನಾಲ್ಕು ಹೆಜ್ಜೆಗೆ ಲಿಂಬೆ ಬಿತ್ತು, ಐದನೆಯದಕ್ಕೆ ನಾನು ಬಿದ್ದೆ. “ಅಕೀದು ಕೈಲೆ ಆಡೂ ಆಟ, ಬಾಯಿಲೆ ಅಲ್ಲ” ಎಂದು ಅತ್ತೆ ನನ್ನ ಪರ ವಾದಿಸಿದರು, ಪಾಪ.

ಸೋತ ಸಂಜೆ ಕಾಕಾನನ್ನು ಸಮಾಧಾನ ಮಾಡಲು ಹೋದವರು ತಾವೇ ಸಮಾಧಾನ ಹೊಂದಿ ಮರಳುತ್ತಿದ್ದರು. “ಹೋದ ವರ್ಷ ನಲವತ್ತರಲೆ ಸೋತಿದ್ರು, ಈ ವರ್ಷ ಮೂವತ್ತೊಂದರಲೆ ಸೋತಾರ. ಒಂಬತ್ತು ಗೆದ್ದಂಗಾತಿಲ್ಲೋ?” ಮರುವರ್ಷ ಐವತ್ತರಿಂದ ಸೋತಾಗ ಏನು ಹೇಳುತ್ತಾನೋ ನೋಡೋಣವೆಂದು ನಾನು ಫೋನ್ ಮಾಡಿದೆ. “ಎದುರಿನವ್ರು ನಮ್ಮನ್ನ ಕಂಡ ಹೆದ್ರ್ಯಾರ. ಅದಕ್ಕ ಅಷ್ಟ ಜೀವಾ ಕೊಟ್ಟ ಆಡ್ಯಾರ” ಎಂದ. ಇಂಥವನಿಗೆ ನೀವು ಏನು ಹೇಳುತ್ತೀರಿ?

೨೦೦೯ರಲ್ಲಿ ಇನ್ನೊಂದು ಕಥೆ. ಹಳೆಯ ಹುಡುಗಿಯರೆಲ್ಲ ಒಟ್ಟಿಗೇ ಕಾಲೇಜು ಮುಗಿಸಿ ಹೋದರು. ಆಡಲು ಐವರು ಬೇಕು, ಉಳಿದದ್ದು ಇಬ್ಬರು, ಅವರದೂ ಅದೇ ಕೊನೆಯ ವರ್ಷ. ತಂಡ ಕಣಕ್ಕೇ ಇಳಿಯಲಿಲ್ಲ. ಕಾಕಾ ಆ ವರ್ಷವೂ ಕೊರೆದಿದ್ದ. ತಂಡವೇ ಇಲ್ಲದೆ ಚಾಂಪಿಯನ್ ಆದ ತಂಡ ಭೂಮಿಯ ಮೇಲೆ ಅದೊಂದೇ ಇರಬೇಕು.

ಆದರೆ ಈ ಸಲ ನಗುವ ಮಾತಾಗಿರಲಿಲ್ಲ. ಕಾಲೇಜಿನವರು ಆ ಬುಟ್ಟಿಯ ಕಂಬಗಳನ್ನು ಕಿತ್ತು, ಅಲ್ಲಿ ಸ್ಕೂಟರ್ ನಿಲ್ಲಿಸುವ ಶೆಡ್ ಹಾಕುವುದೆಂದು ಮಾತಾಡತೊಡಗಿದರು. ಸರ್ ಕೈಕಾಲು ಹಿಡಿದು ಒಂದು ವರ್ಷದ ಗಡುವು ತಂದರು. ಮುಂದಿನ ಸಲ ಕಪ್ ತಂದರೆ ಕೋರ್ಟ್ ಉಳಿಯುತ್ತದೆ, ಇಲ್ಲವಾದರೆ ಇಲ್ಲ. ಕಾಕು ಕೂಡ ಅದೇ ಹೊತ್ತಿಗೆ ತನ್ನ ಗಡುವು ಹೊರಡಿಸಿದಳು. “ಆಡ್ರಿ, ಕುಣೀರಿ, ಸೌಟು ಬಡೀರಿ. ಆದ್ರ ಗೆಲ್ಲೂಕಿಂತ ಮೊದ್ಲ ಇನ್ನೊಂದು ಕೊಡಾ ಕೊರದ್ರಿ ಅಂದ್ರ ನಾ ಬೆಳಗಾವಿಗೆ ಹೋಗ್ತೇನಿ. ಅಲ್ಲೂ ನಿಮ್ಮ ಕೊಡಾನ ಐತಿ, ಆದ್ರೂ ಹೋಗ್ತೇನಿ!” ಕಾಕಾ ಯಂತ್ರವನ್ನು ಮುಟ್ಟಿ ಆಣೆ ಮಾಡಿದ.

೨೦೧೦ರ ಮಳೆಗಾಲದಲ್ಲಿ ಅಂಗಡಿಗೆ ಒಬ್ಬ ಹುಡುಗಿ ಬಂದಳು. ಅಪ್ಪನಿಗೆ ಊಟದ ಡಬ್ಬಿ ಬೇಕಾಗಿತ್ತು. ಹೆಸರು ರೇಣುಕಾ, ಮೂಲ ವಿಜಯಪುರದ ಕಡೆಯವರು, ಅಪ್ಪ ಗೌಂಡಿ. ಮೊದಲು ಬಾಯ್ನಾದ ಕಡಲ ದಂಡೆಯಲ್ಲಿ ಮನೆಯಿತ್ತು, ಅದನ್ನು ಕೆಡವಿದ ಮೇಲೆ ಕೆಲಸ ಹುಡುಕಿಕೊಂಡು ಈ ಕಡೆ ಬಂದಿದ್ದರು. ಅವಳು ಕೇಳಿದ ಡಬ್ಬಿ ಅಟ್ಟಣಿಗೆಯ ಮೇಲಿತ್ತು. ಕಾಕಾ ಸ್ಟೂಲು ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಅವಳು ಕೈ ಚಾಚಿ ಡಬ್ಬಿ ಇಳಿಸಿಕೊಂಡು ನಿಂತಿದ್ದಳು!

ಕಾಕಾ ಸ್ಟೂಲನ್ನು ಕೈಯಲ್ಲೇ ಹಿಡಿದುಕೊಂಡು ಕೇಳಿದ: “ತಂಗೀ, ಕಾಲೇಜಿಗೆ ಹೊಂಟೀ ಏನು?”

“ಹೌದ್ರಿ. ಈ ವರ್ಷ ಸೇರೇನ್ರಿ, ಗುಡ್ಡದ ಮ್ಯಾಲಿನ ಕಾಲೇಜಿಗೆ.”

“ಬಾಸ್ಕೆಟ್‌ಬಾಲ್ ಆಡ್ತೀ?”

“ಅದು ಹ್ಯಾಂಗಿರ್ತೈತ್ರಿ?”

“ಭಾಳ ಸರಳ ಐತಿ. ಚೆಂಡು ಬುಟ್ಯಾಗ ಹಾಕೂದು ಅಷ್ಟ. ತಳಾ ಇಲ್ಲ ಅನ್ನೂದೊಂದ ಕೊರತಿ.”

ಹೀಗೆ ಹೊಸ ತಂಡಕ್ಕೆ ಮೊದಲ ಆಟಗಾರ್ತಿ ಸಿಕ್ಕಳು. ಡಬ್ಬಿ ಹಿಡಿದು ಹೊರಟವಳು ಅಟ್ಟಣಿಗೆಯತ್ತ ಮತ್ತೊಮ್ಮೆ ನೋಡಿ ತಡೆದಳು. ಬಾಯ್ನಾದಲ್ಲಿದ್ದಾಗ ಕನ್ನಡ ಶಾಲೆಗೆ ಹೋದವಳು ಅವಳು. ಅಷ್ಟು ವರ್ಷ ಆ ಕಾಲೇಜಿನ ಯಾವ ಹುಡುಗಿಗೂ ಓದಲು ಬಾರದ ಅಕ್ಷರಗಳನ್ನು ಗಟ್ಟಿಯಾಗಿ ಓದಿಬಿಟ್ಟಳು: “ಚಾಂಪಿಯನ್ನರು, ೨೦೦೮. ಚಾಂಪಿಯನ್ನರು, ೨೦೦೯. ಕಾಕಾರ, ನಮ್ಮ ಕಾಲೇಜು ಇಷ್ಟ ಸಲ ಗೆದ್ದೈತೇನ್ರಿ?”

ಕಾಕಾ ಗಂಟಲು ಸರಿಮಾಡಿಕೊಂಡ. ಒಳಗಿನಿಂದ ಕಾಕು, “ಒಮ್ಮಿನೂ ಇಲ್ಲವಾ!” ಎಂದು ಕೂಗಿದಳು.

ರೇಣುಕಾ ನಗಲಿಲ್ಲ ಎಂದು ಕಾಕಾ ಇಂದಿಗೂ ಹೇಳುತ್ತಾನೆ. ನಕ್ಕಳು ಎಂದು ಕಾಕು ಹೇಳುತ್ತಾಳೆ. ಏನೇ ಇರಲಿ, ಸುದ್ದಿ ತಂಡದಲ್ಲೆಲ್ಲ ಹಬ್ಬಿತು. ತಂಡ ಎಂದರೆ ಎಲ್ಲರೂ ಮೊದಲ ವರ್ಷದ ಎಳೆಯ ಹುಡುಗಿಯರು. ಒಬ್ಬಳು ಮೀನು ಮಾರುವವಳ ಮಗಳು, ಇಬ್ಬರು ಬೇಕರಿಯವರ ಅವಳಿಗಳು, ಮತ್ತೊಬ್ಬಳಿಗೆ ಚೆಂಡು ಬಂದರೆ ಕಣ್ಣು ಮುಚ್ಚಿಕೊಳ್ಳುವ ಅಭ್ಯಾಸ. ಮಳೆ ನಿಂತದ್ದೇ ದಿನವೂ ಸಂಜೆ ಗುಡ್ಡದ ಮೇಲೆ ಚೆಂಡಿನ ಸದ್ದು. ಇಟ್ಟಿಗೆಯ ಬುಟ್ಟಿ ಹೊತ್ತು ಗಟ್ಟಿಯಾಗಿದ್ದ ರೇಣುಕಾಳ ಕೈಯಿಂದ ಚೆಂಡು ಕಸಿದುಕೊಳ್ಳುವುದು ಯಾರಿಂದಲೂ ಆಗುತ್ತಿರಲಿಲ್ಲ.

ಮತ್ತೆ ಏನಾಯಿತು ಗೊತ್ತೇ? ಗೆಲ್ಲತೊಡಗಿದರು! ಮೊದಲ ಪಂದ್ಯ ಗೆದ್ದ ದಿನ ಕಾಕಾನಿಗೆ ಏನು ಮಾಡಬೇಕೆಂದೇ ತಿಳಿಯಲಿಲ್ಲವಂತೆ. ಸೋತಾಗ ಹೇಳುವ ಮಾತುಗಳೆಲ್ಲ ಬಾಯಿಪಾಠ, ಗೆದ್ದಾಗ ಹೇಳುವ ಮಾತು ಒಂದೂ ಇಲ್ಲ. ಪಾತೇಲಿಯ ಮೇಲೆ ಕೂತವನು ಕೂತೇ ಇದ್ದ, ಸರ್ ಬಂದು ಎಬ್ಬಿಸಬೇಕಾಯಿತು. ಎರಡನೆಯದು, ಮೂರನೆಯದು, ಸೆಮಿಫೈನಲ್, ಹೀಗೆ ಒಂದೊಂದಾಗಿ ದಾಟಿ ತಂಡ ಫೈನಲ್ ತಲುಪಿತು. ಪಣಜಿಯಲ್ಲಿ, ಶುಕ್ರವಾರ ಮಧ್ಯಾಹ್ನ.

ಶುಕ್ರವಾರ! ಮ್ಹಾಪಸಾ ಗೊತ್ತಿದ್ದವರಿಗೆ ಇದರ ತೂಕ ತಿಳಿಯುತ್ತದೆ. ಶುಕ್ರವಾರವೆಂದರೆ ಸಂತೆ, ಊರಿಗೆ ಊರೇ ಪೇಟೆಯಲ್ಲಿರುತ್ತದೆ. ಆ ದಿನ ಅಂಗಡಿ ಮುಚ್ಚುವ ವ್ಯಾಪಾರಿ ಇನ್ನೂ ಹುಟ್ಟಿರಲಿಲ್ಲ. ಕಾಕಾ ನನಗೆ ಫೋನ್ ಮಾಡಿ, “ಗುರುವಾರನ ಬಂದ ಬಿಡು. ಇತಿಹಾಸ ನೋಡೂದೈತಿ” ಎಂದ. ಹೋದೆ.

ಗುರುವಾರ ಸಂಜೆ ನಾನು ಅಂಗಡಿಯಲ್ಲಿದ್ದಾಗಲೇ ರೇಣುಕಾ ಮತ್ತು ಇನ್ನಿಬ್ಬರು ಹುಡುಗಿಯರು ಬಂದರು. ಅಟ್ಟಣಿಗೆಯನ್ನೊಮ್ಮೆ, ಗಲ್ಲಾಪೆಟ್ಟಿಗೆಯ ಹಿಂದೊಮ್ಮೆ ನೋಡಿದರು.

“ಕಾಕಾರ, ನಮ್ಮ ಕೊಡಾ ಎಲ್ಲೈತ್ರಿ?”

ಕಾಕಾ ಕಾಕುವಿನ ಮುಖ ನೋಡಿದ. ಕಾಕು ಚಮಚಗಳನ್ನು ಜೋಡಿಸುತ್ತಿದ್ದಳು.

“ಈ ಸಲ ಗೆದ್ದ ಮ್ಯಾಲ ಕೊರೀಬೇಕು ಅಂತ ಮಾಡೇನಿ ತಂಗೀ.”

ರೇಣುಕಾಳ ಮುಖ ಸಣ್ಣದಾಯಿತು. “ತಂಡ ಇಲ್ಲದಾಗನೂ ಕೊರದೀರಿ. ನಮಗ ಯಾಕ ಇಲ್ರಿ? ನಾವ ಗೆಲ್ಲೂದಿಲ್ಲ ಅಂತ ಅನಸಾಕತ್ತೈತೇನ್ರಿ ನಿಮಗ?”

ನಮ್ಮ ಮಾತಿನ ಮಲ್ಲ ಯಂತ್ರದ ವೈರನ್ನು ಬೆರಳಿಗೆ ಸುತ್ತತೊಡಗಿದ. ಇಷ್ಟು ವರ್ಷ ನಾವು ನಗುತ್ತ ನೀರು ತುಂಬಿಸಿಕೊಂಡಿದ್ದ ಕೊಡಗಳನ್ನು ಈ ಹುಡುಗಿಯರು ಬೇರೆಯೇ ರೀತಿಯಲ್ಲಿ ಓದಿಕೊಂಡಿದ್ದರು. ಆಗ ಕಾಕು ಚಮಚ ಬಿಟ್ಟು ಎದ್ದಳು. ಸಾಲಿನಲ್ಲಿದ್ದ ಎಲ್ಲಕ್ಕಿಂತ ದೊಡ್ಡ ಕೊಡವನ್ನು ಎತ್ತಿ ತಂದು ಕಾಕಾನ ಮುಂದೆ ಕುಕ್ಕಿದಳು.

“ಏನ ನೋಡ್ತೀರಿ? ಕೊರೀರಿ. ಬರೇ ಚಾಂಪಿಯನ್ ಅಂತ ಬ್ಯಾಡ, ಎಲ್ಲಾ ಹುಡಿಗ್ಯಾರ ಹೆಸರೂ ಹಾಕ್ರಿ.”

“ಮತ್ತ ಬೆಳಗಾವಿ?” ಎಂದು ಕಾಕಾ ಮೆಲ್ಲಗೆ ಕೇಳಿದ.

“ಬಸ್ ಸಿಗಲಿಲ್ಲ ಅಂತ ತಿಳೀರಿ” ಎಂದಳು ಕಾಕು.

ಮರುದಿನ ನಾವು ಮೂವರೂ ಬಾಗಿಲು ಹಾಕಿ, ಕೊಡ, ಪಾತೇಲಿ, ಸೌಟುಗಳ ಸಮೇತ ಪಣಜಿಗೆ ಹೋದೆವು. ಇತ್ತ ಮ್ಹಾಪಸಾದಲ್ಲಿ ಗದ್ದಲವೋ ಗದ್ದಲ. ಶುಕ್ರವಾರ ಭಾಂಡೇವಾಲೇ ಕಾಕಾನ ಅಂಗಡಿ ಮುಚ್ಚಿದೆ ಎಂದರೆ ಯಾರೋ ಸತ್ತಿರಲೇಬೇಕು! ಪಕ್ಕದ ಅಂಗಡಿಯವರು ಒಬ್ಬೊಬ್ಬರಾಗಿ ಫೋನ್ ಮಾಡತೊಡಗಿದರು. ಪಂದ್ಯ ತುದಿಗಾಲಲ್ಲಿ ನಿಂತಿದೆ, ಕಾಕಾನ ಜೇಬು ಬಡಿದುಕೊಳ್ಳುತ್ತಿದೆ. ಕೊನೆಗೆ ಎತ್ತಿದ. ಆ ಕಡೆಯಿಂದ ಅಳುವ ಧ್ವನಿಯಲ್ಲಿ, “ಕಾಕಾ, ಕೋಣ್ ಗೆಲೋ?” ಯಾರು ಹೋದರು ಎಂದು ಕೇಳುತ್ತಿದ್ದಾರೆ. ಕಾಕಾ ಕಣ್ಣು ಕೋರ್ಟಿನ ಮೇಲೇ ಇಟ್ಟು ಕಿರುಚಿದ: “ಯಾರೂ ಹೋಗಿಲ್ಲೋ! ಎಲ್ಲಾರೂ ಅದಾರ! ಮೂರು ಪಾಯಿಂಟ್ ಹಿಂದ ಅದಾರ!”

ಮೂರು ಎರಡಾಯಿತು, ಎರಡು ಒಂದಾಯಿತು. ಸರ್ ಉಗುರು ಕಡಿಯುತ್ತಿದ್ದರು. ಆಚೆ ಕುರ್ಚಿಯಲ್ಲಿದ್ದ ಕಾಲೇಜಿನ ಪ್ರಿನ್ಸಿಪಾಲರು ಎದ್ದು ನಿಂತಿದ್ದರು. ಕಾಕು, ಆಟದ ಗಂಧವೂ ಇಲ್ಲದ ನಮ್ಮ ಕಾಕು, ಕಾಕಾನ ಕೈಯಿಂದ ಸೌಟು ಕಸಿದುಕೊಂಡು ತಾನೇ ಬಡಿಯುತ್ತಿದ್ದಳು! ಕೊನೆಯ ಕ್ಷಣದಲ್ಲಿ ರೇಣುಕಾ ಎಸೆದ ಚೆಂಡು ಬುಟ್ಟಿಯ ಅಂಚಿನ ಮೇಲೆ ಒಂದು ಸುತ್ತು ಹಾಕಿತು, ಎರಡನೆಯ ಸುತ್ತು ಹಾಕಿತು, ಆಮೇಲೆ ಹೊರಗೆ ಬಿತ್ತು. ಸೀಟಿ ಕೇಳಿಸಿತು. ಒಂದು ಪಾಯಿಂಟ್.

ಬಸ್ಸಿನಲ್ಲಿ ಕಾಕಾ ಕೊಡವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಮಾಂಡವಿ ಸೇತುವೆ ದಾಟಿತು, ಪರ್ವರಿ ದಾಟಿತು. ‘ಬರೂ ವರ್ಷ’ ಎಂಬ ಮಾತು ಈಗ ಬಂದೀತು, ಈಗ ಬಂದೀತು ಎಂದು ನಾನು ಕಾದೆ. ಬರಲಿಲ್ಲ. ಬರುವ ವರ್ಷ ಆ ಕೋರ್ಟ್ ಇದ್ದರೆ ತಾನೇ? ಅವನು ಹೆಬ್ಬೆರಳಿನಿಂದ ಕೊಡದ ಮೇಲಿನ ಹೆಸರುಗಳನ್ನು ಸವರುತ್ತಿದ್ದ. ಕಾಕಾನನ್ನು ನಾನು ಹಾಗೆ ನೋಡಿರಲೇ ಇಲ್ಲ, ನನಗೆ ಅಳುವೇ ಬಂತು.

ಶನಿವಾರ, ಭಾನುವಾರ ಹಾಗೆಯೇ ಕಳೆದವು. ಸೋಮವಾರ ಸಂಜೆ ನಾನು ಕುಡಚಡೆಗೆ ಹೊರಡುವವಳು. ಊಟವಾದ ಮೇಲೆ ಮ್ಹಾಪಸಾದ ಅಂಗಡಿಗಳೆಲ್ಲ ಎರಡು ತಾಸು ಮುಚ್ಚಿ ಮಲಗುತ್ತವೆ. ಕಾಕಾನೂ ಮನೆಯಲ್ಲಿ ಮಲಗಿದ್ದ. ಕಾಕು ಮಾತ್ರ, “ಅಂಗಡ್ಯಾಗ ಸ್ವಲ್ಪ ಕೆಲಸೈತಿ” ಎಂದು ಬೀಗದ ಕೈ ತೆಗೆದುಕೊಂಡು ಹೋಗಿದ್ದಳು. ನಾನೂ ಕಾಕಾನೂ ನಾಲ್ಕಕ್ಕೆ ಅಂಗಡಿಗೆ ಹೋದರೆ ಅಲ್ಲಿ ಇಡೀ ತಂಡ ನೆರೆದಿತ್ತು. ಪಾತ್ರೆಗಳ ನಡುವೆ ಕಾಲಿಡಲು ಜಾಗವಿಲ್ಲ.

“ಕಾಕಾರ, ಕೋರ್ಟ್ ಉಳೀತ್ರಿ!” ಎಂದು ರೇಣುಕಾ ಕೂಗಿದಳು. ಪ್ರಿನ್ಸಿಪಾಲರು ಬೆಳಿಗ್ಗೆ ಎಲ್ಲರನ್ನೂ ಕರೆಸಿದ್ದರಂತೆ. ಒಂದೇ ಒಂದು ಪಾಯಿಂಟಿಗೆ ಸೋತ ತಂಡವನ್ನು ಯಾರಾದರೂ ಮುಚ್ಚುತ್ತಾರೆಯೇ, ಶೆಡ್ ಕ್ಯಾಂಟೀನಿನ ಹಿಂದೆ ಹಾಕಿದರಾಯಿತು ಎಂದರಂತೆ. ಕಾಕಾನ ರೋಗ ಅವರಿಗೂ ಅಂಟಿತ್ತು! “ಆ ಕೊಡಾ ನಮಗ ಕೊಡ್ರಿ. ನಮ್ಮ ಹೆಸರದಾವು. ಕೋರ್ಟಿನ ಕಟ್ಟಿ ಮ್ಯಾಲ ನೀರು ತುಂಬಿ ಇಡ್ತೇವಿ.”

ಆಮೇಲೆ ಅವಳು ಬೆನ್ನ ಹಿಂದಿನಿಂದ ಒಂದು ಸಣ್ಣ ಸ್ಟೀಲ್ ತಂಬಿಗೆ ತೆಗೆದು ಕಾಕಾನ ಕೈಯಲ್ಲಿಟ್ಟಳು.

ತಂಬಿಗೆಯ ಮೇಲೆ ಕನ್ನಡದಲ್ಲಿ ಕೊರೆದಿತ್ತು. ಅಕ್ಷರಗಳೆಲ್ಲ ಸೊಟ್ಟಂಬಟ್ಟ, ಸ್ವತಃ ಕಾಕಾನ ಯಂತ್ರದಿಂದಲೇ ಕೊರೆದದ್ದು, ಆದರೆ ಕೈ ಹೊಸದು. ಮೊದಲ ಸಾಲಿನಲ್ಲಿ ಅವನ ಪೂರ್ತಿ ಹೆಸರು, ಕೆಳಗೆ ‘ಇವರಿಗೆ’. ಅದರ ಕೆಳಗೆ: ‘೨೦೧೧ರ ಚಾಂಪಿಯನ್ನರಿಂದ’.

ಕಾಕಾ ಅದನ್ನು ಬೆಳಕಿಗೆ ಹಿಡಿದು ಓದಿದ. ಮತ್ತೊಮ್ಮೆ ಓದಿದ. ಮೂವತ್ತು ವರ್ಷ ಊರಿನವರ ಹೆಸರು ಕೊರೆದವನು ತನ್ನ ಹೆಸರನ್ನು ಪಾತ್ರೆಯ ಮೇಲೆ ನೋಡಿದ್ದು ಅಂದೇ ಮೊದಲು. ಕಣ್ಣು ಒರೆಸಿಕೊಂಡು, “ಅಕ್ಷರ ಸೊಟ್ಟ ಆಗ್ಯಾವು” ಎಂದ. ಆಮೇಲೆ ಏನೋ ಹೊಳೆದವನಂತೆ ತಲೆ ಎತ್ತಿದ.

“ನನ್ನ ಹೆಸರು ನಿಮಗ ಯಾರು ಹೇಳಿದ್ರು?”

ಹುಡುಗಿಯರೆಲ್ಲ ಒಟ್ಟಿಗೆ ತಿರುಗಿ ಕಾಕುವನ್ನು ನೋಡಿದರು. ಕಾಕು ಗೋಡೆಯ ಕಡೆ ಮುಖ ಮಾಡಿ, ಜೋಡಿಸಿಟ್ಟಿದ್ದ ಚಮಚಗಳನ್ನೇ ಮತ್ತೆ ಜೋಡಿಸುತ್ತಿದ್ದಳು. ಒಲೆ ಇರಲಿಲ್ಲ, ಹಾಲಿರಲಿಲ್ಲ, ಓಡಿಹೋಗಲು ಹಿತ್ತಲ ಬಾಗಿಲೂ ಇರಲಿಲ್ಲ. ಅವಳ ಕಿವಿಗಳು ಕೆಂಪಗಾಗಿದ್ದವು.

ಕಾಕಾ ತಂಬಿಗೆಯಲ್ಲಿ ನೀರು ತುಂಬಿಕೊಂಡು ಹೋಗಿ ಮೊದಲು ಅವಳಿಗೆ ಕೊಟ್ಟ.

ಆ ಹೆಸರು ನನಗೂ ಗೊತ್ತು. ಆದರೆ ಅವಳು ಒಂದೇ ಒಂದು ಸಲ ಬಾಯಿಬಿಟ್ಟು ಹೇಳಿದ ಹೆಸರು ಅದು, ನಾನು ಇಲ್ಲಿ ಹೇಳಲಾರೆ.